ಜ್ವರ ಬಿಟ್ಟಿತು, ಕೀಲು ಬಿಡಲಿಲ್ಲ: ಕೂಲಿಗೆ ಬರದವರನ್ನು ಸೋಮಾರಿ ಅನ್ನೋ ಮುಂಚೆ



ಈ ಸಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಬೆಳೆ ಕುಯ್ಯೋ ಕೈಗಳ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ. ಹಾಲು ಡೈರಿಗೆ ಹಾಕಿ ಬಂದ ಮೇಲೆ ನಿಧಾನಕ್ಕೆ ಓದಿ.

ಗೌರಿ ಹಬ್ಬದಿಂದ ದಸರಾವರೆಗೆ ನಮ್ಮ ಕಡೆ ಊರೂರಲ್ಲಿ ಜ್ವರ ಇತ್ತು. ಈಗ ರಾಗಿ ಕುಯ್ಲಿನ ಕಾಲ. ಆಗ ಮಲಗಿದ್ದವರೆಲ್ಲ ಎದ್ದು ಓಡಾಡ್ತಿದ್ದಾರೆ, ಉಣ್ತಿದ್ದಾರೆ, ನೋಡೋಕೆ ಚೆನ್ನಾಗೇ ಇದ್ದಾರೆ. ಆದರೆ ಕುಯ್ಲಿಗೆ ಕರೆದರೆ "ಆಗಲ್ಲಣ್ಣ, ಬೆರಳು ಮಡಚೋಕೆ ಬರ್ತಿಲ್ಲ, ಕುಡುಗೋಲು ಹಿಡಿದ್ರೆ ಮಣಿಕಟ್ಟು ಸಿಡಿಯುತ್ತೆ" ಅಂತಾರೆ. ಹಾಲು ಕರೆಯೋ ಹೆಂಗಸರು ಅರ್ಧ ಕೆಚ್ಚಲು ಕರೆದು ಎದ್ದು ಬಿಡ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಡೋಕೆ ಗೋಡೆ ಹಿಡೀಬೇಕು.

ಇದಕ್ಕೆ ನಮ್ಮ ಟೀ ಅಂಗಡಿ ಕಟ್ಟೆಯಲ್ಲಿ ಸಿಗೋ ಉತ್ತರ ಒಂದೇ. "ಪುಕ್ಕಟೆ ಅಕ್ಕಿ ಬರುತ್ತಲ್ಲ, ಇನ್ಯಾಕೆ ಬರ್ತಾರೆ ಕೆಲಸಕ್ಕೆ?" ಈ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಆಳು ಸಿಗದೆ ನನಗೂ ಕಷ್ಟ ಆಗಿದೆ. ಕುಯ್ದ ರಾಗಿ ಅರಿ ಹೊಲದಲ್ಲೇ ಇದೆ, ಮೋಡ ಕಂಡರೆ ಎದೆ ಹೊಡ್ಕೊಳ್ಳುತ್ತೆ. ಆದರೂ ಕಾಯಿಲೆಯನ್ನ ಸೋಮಾರಿತನ ಅಂತ ಕರೆದರೆ ಕಾಯಿಲೆಯೂ ಹೋಗಲ್ಲ, ಆಳೂ ಬರಲ್ಲ. ಜ್ವರ ಬಿಟ್ಟ ದಿನಕ್ಕೆ ಚಿಕುನ್‌ಗುನ್ಯಾ ಮುಗಿದು ಹೋಗಲ್ಲ. ಎಷ್ಟೋ ಜನಕ್ಕೆ ಅವತ್ತಿಂದಲೇ ಅದರ ಎರಡನೇ ಭಾಗ ಶುರು. ಅದನ್ನ ಕಾಯಿಲೆ ಅಂತ ಊರು ಒಪ್ಪಿಕೊಳ್ಳಬೇಕು, ಅದಕ್ಕೆ ತಕ್ಕ ಹಾಗೆ ನಾವು ನಡ್ಕೋಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಕೊಟ್ಟಿಗೆಗೆ ಬನ್ನಿ. ಹಸುಗಳಿಗೆ ಮೂರು ದಿನದ ಜ್ವರ ಬರೋದು ನಮಗೆಲ್ಲ ಗೊತ್ತು. ಅದೂ ವೈರಸ್ಸೇ, ಅದನ್ನೂ ಸೊಳ್ಳೆಯಂಥ ಕಚ್ಚೋ ಹುಳುಗಳೇ ಹರಡೋದು. ಜ್ವರ ಬಂದ ಹಸು ಇವತ್ತು ಮುಂಗಾಲು ಕುಂಟುತ್ತೆ, ನಾಳೆ ಹಿಂಗಾಲು. ಕೀಲಲ್ಲಿ ನೀರು ತುಂಬಿರುತ್ತೆ, ಮೈ ಮರದ ಕೊರಡಿನ ಹಾಗೆ ಬಿಗಿಯುತ್ತೆ, ಮಲಗಿದ್ದು ಏಳಲ್ಲ. ಆಗ ನಾವೇನು ಮಾಡ್ತೀವಿ? ಎತ್ತಾದ್ರೆ ನೊಗ ಹೂಡ್ತೀವಾ? ಇಲ್ಲ. ಡಾಕ್ಟರು "ಸುಧಾರಿಸಿಕೊಳ್ಳೋವರೆಗೂ ಕೆಲಸಕ್ಕೆ ಬಿಡಬೇಡಿ" ಅಂದ್ರೆ ಕೈ ಕಟ್ಟಿಕೊಂಡು ಕೇಳ್ತೀವಿ. ನೆರಳಲ್ಲಿ ಕಟ್ಟಿ, ಹುಲ್ಲು ಹಾಸಿ, ಮಗ್ಗುಲು ಬದಲಾಯಿಸಿ ನೋಡ್ಕೋತೀವಿ. ಹಸು ಕುಂಟಿದರೆ ಜ್ವರದ ದೆಸೆ ಅಂತ ಒಪ್ಪೋ ನಾವು, ಮನುಷ್ಯರು ಕುಂಟಿದರೆ ನೆಪ ಅಂತೀವಿ. ಹಸು ಮೂರು ದಿನಕ್ಕೋ ವಾರಕ್ಕೋ ಎದ್ದು ಬಿಡುತ್ತೆ, ಮನುಷ್ಯರ ಚಿಕುನ್‌ಗುನ್ಯಾ ಅಷ್ಟು ಬೇಗ ಬಿಡಲ್ಲ. ಅಷ್ಟೇ ವ್ಯತ್ಯಾಸ.

ಈ ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಇನ್ನೂ ಎಷ್ಟೋ ಜನ ಇದನ್ನ "ಚಿಕನ್ ಗುನ್ಯಾ" ಅಂತಲೇ ಕರೀತಾರೆ, ಜ್ವರ ಬಂದ ತಕ್ಷಣ ಕೋಳಿ ತಿನ್ನೋದು ಬಿಡ್ತಾರೆ. ಕೋಳಿಗೂ ಇದಕ್ಕೂ ಸಂಬಂಧ ಇಲ್ಲ. 1952ರಲ್ಲಿ ಆಫ್ರಿಕಾದ ಟಾಂಜಾನಿಯಾ ಕಡೆಯ ಮಕೊಂಡೆ ಅನ್ನೋ ಸೀಮೆಯಲ್ಲಿ ಈ ಕಾಯಿಲೆಯನ್ನ ಮೊದಲು ಗುರುತಿಸಿದ್ದು. ಆ ಜನರ ಭಾಷೆಯಲ್ಲಿ ಆ ಪದಕ್ಕೆ ಬಾಗಿ ಮುದುಡಿಸೋದು ಅಂತ ಅರ್ಥ. ನೋವಿಗೆ ನೆಟ್ಟಗೆ ನಿಲ್ಲಲಾರದೆ ಬಾಗಿ ನಡೆಯೋರನ್ನ ನೋಡಿ ಇಟ್ಟ ಹೆಸರು. ಅಲ್ಲಿಯ ಹಳ್ಳಿ ಜನ ಜ್ವರದ ಹೆಸರು ಇಡಲಿಲ್ಲ, ಕೀಲಿನ ಹೆಸರು ಇಟ್ಟರು ಅನ್ನೋದನ್ನ ಗಮನಿಸಿ. ಈ ಕಾಯಿಲೆಯ ತಿರುಳು ಎಲ್ಲಿದೆ ಅಂತ ಅವರಿಗೆ ಅವತ್ತೇ ಗೊತ್ತಿತ್ತು.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1963ರಲ್ಲಿ ಕಲ್ಕತ್ತಾದಲ್ಲಿ ಬಂದಿತ್ತು, ಮಾರನೇ ವರ್ಷ ಮದ್ರಾಸ್ ಕಡೆ, 1973ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ. ಆಮೇಲೆ ಮೂವತ್ತು ವರ್ಷ ಹೆಚ್ಚುಕಡಿಮೆ ಸದ್ದೇ ಇರಲಿಲ್ಲ. 2005ರ ಕೊನೆಗೆ ಮತ್ತೆ ಎದ್ದಿದ್ದು 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಮೇಲ್ಪಟ್ಟು ಜನಕ್ಕೆ ಬಂತು ಅಂತ ಸರ್ಕಾರದ ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ, ಏಳೂವರೆ ಲಕ್ಷಕ್ಕೂ ಮೀರಿ ಶಂಕಿತ ಪ್ರಕರಣ ನಮ್ಮ ಕರ್ನಾಟಕದವು. ಯಾವ ರಾಜ್ಯಕ್ಕೂ ಅಷ್ಟು ಹೊಡೆತ ಬಿದ್ದಿರಲಿಲ್ಲ. ಆ ವರ್ಷ ನೆನಪಿರೋರಿಗೆ ಹೇಳೋದೇ ಬೇಡ. ಮನೆಗೆ ಮನೆಯೇ ಮಲಗಿತ್ತು, ದನಕ್ಕೆ ನೀರು ಕುಡಿಸೋಕೆ ಜನ ಇರಲಿಲ್ಲ. ಆಗ ಬಂದವರಲ್ಲಿ ಕೆಲವರು "ಅವತ್ತಿಂದ ಈ ಮಂಡಿ ಸರಿ ಹೋಗಲೇ ಇಲ್ಲ" ಅಂತ ಇವತ್ತಿಗೂ ಹೇಳ್ತಾರೆ. ಅವರ ಮಾತನ್ನ ನಗೆಯಾಡೋ ಬದಲು ನಾವು ಕಿವಿಗೊಟ್ಟು ಕೇಳಬೇಕಿತ್ತು.

ಈಗ ಕೀಲಿನ ಒಳಗೆ ಏನಾಗುತ್ತೆ ನೋಡೋಣ. ಇದು ತಿಳಿದರೆ ಮುಂದಿನದೆಲ್ಲ ಸುಲಭ.

ಸೊಳ್ಳೆ ಕಚ್ಚಿದಾಗ ವೈರಸ್ ಚರ್ಮದೊಳಗೆ ಇಳಿಯುತ್ತೆ, ಅಲ್ಲೇ ಮರಿ ಹಾಕಿ ರಕ್ತಕ್ಕೆ ಸೇರುತ್ತೆ. ಅಲ್ಲಿಂದ ಸ್ನಾಯುಗೆ, ಕೀಲಿಗೆ ಹೋಗುತ್ತೆ. ನಮ್ಮ ಪ್ರತಿ ಕೀಲಿನ ಒಳಗೂ ಒಂದು ತೆಳ್ಳನೆ ಪದರ ಇದೆ. ಗಾಡಿ ಅಚ್ಚಿಗೆ ಕೀಲೆಣ್ಣೆ ಇದ್ದ ಹಾಗೆ, ಕೀಲಿಗೆ ಬೇಕಾದ ಜಾರುನೀರು ಅಲ್ಲೇ ತಯಾರಾಗೋದು. ಈ ವೈರಸ್ಸಿಗೆ ಆ ಪದರದ ಕಣಗಳು ಅಂದ್ರೆ ಇಷ್ಟ. ಅಲ್ಲಿ ಸೇರಿಕೊಂಡ ತಕ್ಷಣ ಮೈಯ ಕಾವಲು ಕಣಗಳು ರಕ್ತದಿಂದ ಅಲ್ಲಿಗೆ ನುಗ್ಗುತ್ತವೆ. ವೈರಸ್ಸನ್ನ ಹೊಡೆಯೋಕೆ ಅವು ಉರಿ ಎಬ್ಬಿಸೋ ರಾಸಾಯನಿಕಗಳನ್ನ ಸುರಿಸ್ತವೆ. ಕೀಲಿಗೆ ನೀರು ತುಂಬುತ್ತೆ, ಊದಿಕೊಳ್ಳುತ್ತೆ, ಬಿಸಿಯಾಗುತ್ತೆ, ಮಡಚೋಕೆ ಆಗಲ್ಲ. ಇದನ್ನೇ ಕೀಲುರಿ ಅಥವಾ ಸಂಧಿವಾತ ಅನ್ನೋದು. ಅಂದ್ರೆ ನೋವಿನಲ್ಲಿ ವೈರಸ್ಸಿನ ಪಾಲು ಎಷ್ಟಿದೆಯೋ, ಅದನ್ನ ಓಡಿಸೋಕೆ ಹೊರಟ ನಮ್ಮ ಮೈಯ ಪಾಲೂ ಅಷ್ಟೇ ಇದೆ.

ಒಂದು ವಾರದೊಳಗೆ ಸಾಮಾನ್ಯವಾಗಿ ರಕ್ತದಲ್ಲಿ ವೈರಸ್ ಇಲ್ಲವಾಗುತ್ತೆ, ಜ್ವರ ಇಳಿಯುತ್ತೆ. ಆದರೆ ಕೀಲಿನ ಒಳಪದರದಲ್ಲಿ ಅದರ ಚೂರುಪಾರು ಉಳಿದಿರುತ್ತೆ. ಫ್ರಾನ್ಸಿಗೆ ಸೇರಿದ ರಿಯೂನಿಯನ್ ಅನ್ನೋ ದ್ವೀಪದಲ್ಲಿ 2005-06ರಲ್ಲಿ ಇದೇ ಕಾಯಿಲೆ ಜೋರಾಗಿ ಬಂದಿತ್ತು. ಅಲ್ಲಿ ಜ್ವರ ಬಂದು ಒಂದೂವರೆ ವರ್ಷ ಆಗಿದ್ದ ಒಬ್ಬ ರೋಗಿಯ ಕೀಲಿನ ಒಳಪದರ ತೆಗೆದು ನೋಡಿದಾಗ ವೈರಸ್ಸಿನ ಅಂಶ ಇನ್ನೂ ಅಲ್ಲೇ ಸಿಕ್ಕಿತ್ತು. ಕಳ್ಳ ಓಡಿ ಹೋದ ಮೇಲೂ ಅವನು ಬಿಟ್ಟು ಹೋದ ಚಪ್ಪಲಿ ಮೂಸಿಕೊಂಡು ನಾಯಿ ಬೊಗಳ್ತಾನೇ ಇರುತ್ತಲ್ಲ, ಹಾಗೆ ಕಾವಲು ಕಣಗಳು ಕೀಲಲ್ಲಿ ಸುಮ್ಮನಾಗೋದೇ ಇಲ್ಲ. ಅದಕ್ಕೇ ತಿಂಗಳುಗಟ್ಟಲೆ ನೋವು.

ಎಲ್ಲರಿಗೂ ಹೀಗಾಗುತ್ತಾ? ಇಲ್ಲ. ಹೆಚ್ಚಿನವರು ಕೆಲವು ವಾರದಲ್ಲಿ ಸರಿ ಹೋಗ್ತಾರೆ. ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಬದಲಾದರೂ, ಸುಮಾರು ಮೂವರಲ್ಲಿ ಒಬ್ಬರಿಗೆ ಮೂರು ತಿಂಗಳು ದಾಟಿಯೂ ಕೀಲುನೋವು ಉಳಿಯುತ್ತೆ ಅಂತ ಇಟ್ಕೊಳ್ಳಿ. ಕೆಲವರಿಗೆ ವರ್ಷಗಟ್ಟಲೆ. ನಲವತ್ತು ನಲವತ್ತೈದು ದಾಟಿದವರಿಗೆ, ಹೆಂಗಸರಿಗೆ, ಮೊದಲೇ ಮಂಡಿ ಸವೆದವರಿಗೆ, ಜ್ವರದ ದಿನಗಳಲ್ಲಿ ನೋವು ವಿಪರೀತ ಇದ್ದವರಿಗೆ ಸಾಧ್ಯತೆ ಜಾಸ್ತಿ. ಈ ಪಟ್ಟಿಯನ್ನ ಇನ್ನೊಂದು ಸಲ ಓದಿ. ನಮ್ಮ ಹೊಲಗಳಲ್ಲಿ ಕಳೆ ಕೀಳೋರು, ನಾಟಿ ಹಾಕೋರು, ಕುಯ್ಯೋರು, ಹಾಲು ಕರೆಯೋರು ಯಾರು? ನಲವತ್ತು ದಾಟಿದ ಹೆಂಗಸರೇ. ಚಿಕ್ಕ ವಯಸ್ಸಿನವರು ಎಲ್ಲರೂ ಗಾರ್ಮೆಂಟ್ಸಿಗೆ, ಬೆಂಗಳೂರಿಗೆ ಹೋಗಿಯಾಗಿದೆ. ಈ ಕಾಯಿಲೆ ಹಿಡಿಯೋ ಜಾಗಗಳೂ ಬೆರಳು, ಮಣಿಕಟ್ಟು, ಕಾಲಿನ ಗಿಣ್ಣು, ಮಂಡಿ. ಅಂದ್ರೆ ಕುಡುಗೋಲು ಹಿಡಿಯೋಕೆ, ಕೂತು ಎದ್ದು ಮಾಡೋಕೆ ಯಾವುದು ಬೇಕೋ ಸರಿಯಾಗಿ ಅದೇ.

ಬೇರೆ ವೈರಸ್ಸುಗಳಿಂದಲೂ ಕೀಲು ಊದಬಹುದು. ರುಬೆಲ್ಲಾ, ಹೆಪಟೈಟಿಸ್ ಬಿ, ಮಕ್ಕಳಿಗೆ ಕೆನ್ನೆ ಕೆಂಪಾಗಿಸೋ ಪಾರ್ವೊ ವೈರಸ್, ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಅವು ಹೆಚ್ಚಾಗಿ ಕೆಲವು ವಾರದಲ್ಲಿ ಇಳಿದು ಹೋಗ್ತವೆ. ಇಷ್ಟು ಜನಕ್ಕೆ ಒಟ್ಟಿಗೆ ಬಂದು, ಇಷ್ಟು ದಿನ ಕಾಡೋದು ನಮ್ಮ ಕಡೆ ಚಿಕುನ್‌ಗುನ್ಯಾ ಒಂದೇ.

ಇನ್ನು ನನಗೆ ನಿಜವಾಗಿ ಸಿಟ್ಟು ಬರಿಸೋ ವಿಷಯಕ್ಕೆ ಬರ್ತೀನಿ. ಅದು ಇಂಜೆಕ್ಷನ್.

ನೋವು ತಡೆಯಲಾರದವರು ಸಂತೆ ದಿನ ಹೋಗಿ ಒಂದು ಸೂಜಿ ಹಾಕಿಸ್ಕೊಂಡು ಬರ್ತಾರೆ. ಯಾವ ಔಷಧಿ ಅಂತ ಕೇಳಿದ್ರೆ ಗೊತ್ತಿಲ್ಲ. ಚೀಟಿ ಇಲ್ಲ, ರಸೀದಿ ಇಲ್ಲ. ಬೆಳಗಾಗೋದರೊಳಗೆ ನೋವು ಮಾಯ, ನಾಲ್ಕೈದು ದಿನ ಎತ್ತಿನ ಹಾಗೆ ಕೆಲಸ. ಆಮೇಲೆ ಮತ್ತೆ ಅದೇ ನೋವು, ಮೊದಲಿಗಿಂತ ಜೋರು. ಮತ್ತೆ ಸೂಜಿ. ಇಷ್ಟು ಬೇಗ ಇಷ್ಟು ಚೆನ್ನಾಗಿ ಇಳಿಸೋದು ಬಹುತೇಕ ಸ್ಟೀರಾಯ್ಡ್. ಅದು ಬೊಗಳೋ ನಾಯಿಯ ಬಾಯಿ ಕಟ್ಟುತ್ತೆ. ಚಪ್ಪಲಿ ಬಿದ್ದಲ್ಲೇ ಇರುತ್ತೆ, ಕಟ್ಟು ಬಿಚ್ಚಿದ ತಕ್ಷಣ ಮತ್ತೆ ಬೊಗಳೋಕೆ ಶುರು.

ತಿಂಗಳುಗಟ್ಟಲೆ ಹೀಗೆ ಹಾಕಿಸ್ಕೊಂಡ್ರೆ ಸಕ್ಕರೆ ಏರುತ್ತೆ, ಬಿಪಿ ಏರುತ್ತೆ, ಮೂಳೆ ಟೊಳ್ಳಾಗುತ್ತೆ, ಮುಖ ಊದುತ್ತೆ, ಸಣ್ಣ ಗಾಯವೂ ಬೇಗ ಮಾಯಲ್ಲ. ಪಕ್ಕದ ಊರಿನ ಒಬ್ಬರು ಹೀಗೇ ಒಂದು ಮಳೆಗಾಲ ಪೂರ್ತಿ ಹಾಕಿಸ್ಕೊಂಡು, ಕೊನೆಗೆ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಿದಾಗ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಯ್ತು. ಕೀಲು ಉಳಿಸೋಕೆ ಹೋಗಿ ಕಾಲೇ ಹೋಗೋದರಲ್ಲಿತ್ತು. ಗಬ್ಬದ ಹಸುಗೆ ಸ್ಟೀರಾಯ್ಡ್ ಹಾಕಿದ್ರೆ ಕಂದು ಹಾಕುತ್ತೆ ಅಂತ ಪಶುವೈದ್ಯರನ್ನ ಹತ್ತು ಸಲ ಕೇಳ್ತೀವಿ ನಾವು. ನಮ್ಮ ಮೈಗೆ ಹಾಕೋವಾಗ ಒಂದು ಸಲವೂ ಕೇಳಲ್ಲ.

"ನಿನಗೇನಪ್ಪ, ಹೇಳ್ತೀಯ. ಸೂಜಿ ಹಾಕಿಸದೇ ಇದ್ರೆ ಕುಯ್ಲು ಯಾರು ಮಾಡ್ತಾರೆ, ಸಂಘದ ಕಂತು ಯಾರು ಕಟ್ತಾರೆ?" ಅಂತ ನನ್ನ ಒಬ್ಬರು ನೇರವಾಗಿ ಕೇಳಿದ್ರು. ಪ್ರಶ್ನೆ ಸರಿಯಾಗೇ ಇದೆ. ವಾರದ ಕಂತು ಕಟ್ಟೋರಿಗೆ "ವಿಶ್ರಾಂತಿ ತಗೊಳ್ಳಿ" ಅನ್ನೋದು ಹೊಟ್ಟೆ ತುಂಬಿದವರ ಮಾತಾಗುತ್ತೆ. ಅದಕ್ಕೇ ನಾನು ಇದನ್ನ ಬರೀ ರೋಗಿಯ ಪಾಲಿನ ಕೆಲಸ ಅಂತ ನೋಡ್ತಿಲ್ಲ, ಊರಿನ ಪಾಲೂ ಇದೆ ಅಂತೀನಿ. ಅದನ್ನ ಮುಂದೆ ಹೇಳ್ತೀನಿ. ಸ್ಟೀರಾಯ್ಡ್ ಅನ್ನೋದೇ ವಿಷ ಅಂತಲೂ ನಾನು ಹೇಳ್ತಿಲ್ಲ. ಕೀಲಿನ ತಜ್ಞರು ಕೆಲವರಿಗೆ ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ದಿನಕ್ಕೆ, ಸಕ್ಕರೆ ನೋಡಿಕೊಂಡು ಕೊಡೋದುಂಟು. ಹೆಸರು ಗೊತ್ತಿಲ್ಲದ ಸೂಜಿಯನ್ನ ಲೆಕ್ಕ ಇಲ್ಲದೆ ಹಾಕಿಸ್ಕೊಳ್ಳೋದಕ್ಕೇ ನನ್ನ ವಿರೋಧ. ಇನ್ನೊಂದು ಮುಖ್ಯ ಮಾತು: ಈಗಾಗಲೇ ಬಹಳ ದಿನದಿಂದ ಇಂಥ ಸೂಜಿ, ಮಾತ್ರೆ ತಗೊಳ್ತಿರೋರು ನನ್ನ ಮಾತು ಓದಿ ನಾಳೆಯಿಂದ ಏಕಾಏಕಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದ್ರೂ ಪ್ರಾಣಕ್ಕೆ ಅಪಾಯ. ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೆ ನಿಧಾನಕ್ಕೆ ಇಳಿಸ್ಬೇಕು.

ಹಾಗಾದ್ರೆ ಏನು ಮಾಡಬೇಕು? ನಾನು ಡಾಕ್ಟರಲ್ಲ. ಆದರೆ ಇಷ್ಟು ವಿಷಯ ಪ್ರತಿ ಮನೆಗೂ ಗೊತ್ತಿರಬೇಕು.

ಒಂದು, ಜ್ವರ ಇರೋ ದಿನಗಳಲ್ಲಿ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಏನನ್ನೂ ಸ್ವಂತಕ್ಕೆ ತಗೋಬೇಡಿ. ಡೆಂಗೆ ಹರಡೋದೂ ಇದೇ ಸೊಳ್ಳೆ, ಶುರುವಿನಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಡೆಂಗೆ ಇದ್ದು ಆಸ್ಪಿರಿನ್ನೋ, ಡೈಕ್ಲೋಫೆನಾಕ್ಕೋ, ಬ್ರೂಫೆನ್ನೋ ನುಂಗಿದ್ರೆ ರಕ್ತಸ್ರಾವ ಆಗಬಹುದು. ಡೆಂಗೆ ಇಲ್ಲ ಅಂತ ಖಾತ್ರಿ ಆದ ಮೇಲೆ ಬೇರೆ ನೋವಿನ ಮಾತ್ರೆ ಬೇಕಾ ಅಂತ ಡಾಕ್ಟರು ಹೇಳ್ತಾರೆ.

ಎರಡು, ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಂದು ಐದಾರು ದಿನ ಆದ ಮೇಲೆ ಮಾಡೋ ಐಜಿಎಂ ಪರೀಕ್ಷೆಯಲ್ಲಿ ಚಿಕುನ್‌ಗುನ್ಯಾ ಗೊತ್ತಾಗುತ್ತೆ. ಅದು ಕೆಲವು ವಾರಗಳವರೆಗೂ ಕಾಣುತ್ತೆ, ಹಾಗಾಗಿ ಜ್ವರ ಬಿಟ್ಟ ಮೇಲೆ ಮಾಡಿಸಿದ್ರೂ ಉಪಯೋಗ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. "ಗೊತ್ತಾಗಿ ಏನಾಗಬೇಕು, ಔಷಧಿ ಇಲ್ಲವಲ್ಲ" ಅಂತಾರೆ. ವೈರಸ್ಸನ್ನ ಕೊಲ್ಲೋ ಔಷಧಿ ಇಲ್ಲ, ನಿಜ. ಆದರೆ ಕಾಯಿಲೆ ಯಾವುದು ಅಂತ ಗೊತ್ತಾದ್ರೆ ಮುಂದೆ ಕೀಲು ಹಿಡಿದಾಗ ಡಾಕ್ಟರಿಗೆ ದಾರಿ ಸಿಗುತ್ತೆ. ಇನ್ನೊಂದು ಕಾರಣ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಪರೀಕ್ಷೆ ಆಗದಿದ್ರೆ ಲೆಕ್ಕಕ್ಕೆ ಬರಲ್ಲ. ಊರಿಗೆ ಊರೇ ಮಲಗಿದ್ರೂ ಕಾಗದದಲ್ಲಿ ಸೊನ್ನೆ ಅಂತಿದ್ರೆ, ಲಾರ್ವಾ ನೋಡೋಕೆ ಯಾರೂ ಬರಲ್ಲ, ಪಂಚಾಯ್ತಿಯವರನ್ನ ಕೇಳೋಕೆ ನಮ್ಮ ಕೈಯಲ್ಲಿ ಏನೂ ಇರಲ್ಲ.

ಮೂರು, ಮೂರು ತಿಂಗಳು ಕಳೆದೂ ಬೆಳಿಗ್ಗೆ ಎದ್ದಾಗ ಬೆರಳು ಅರ್ಧ ಗಂಟೆ, ಒಂದು ಗಂಟೆ ಬಿಗಿದಿರುತ್ತೆ, ಗಿಣ್ಣು ಊದಿರುತ್ತೆ ಅಂದ್ರೆ ಅದನ್ನ ವಯಸ್ಸಿನ ನೋವು ಅಂತ ಬಿಡಬೇಡಿ. ಸವೆತದ ನೋವು ಹೆಚ್ಚಾಗಿ ಕೆಲಸ ಮಾಡಿದಷ್ಟೂ ಜಾಸ್ತಿ ಆಗುತ್ತೆ. ಉರಿಯೂತದ ನೋವು ಬೆಳಿಗ್ಗೆ ಜಾಸ್ತಿ ಇದ್ದು ಓಡಾಡಿದ ಮೇಲೆ ಸಡಿಲ ಆಗುತ್ತೆ. ಕೀಲುವಾತದ ತಜ್ಞರು, ಅಂದ್ರೆ ರುಮಟಾಲಜಿಸ್ಟ್, ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರಿನಲ್ಲೋ ಸಿಗ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಮೆಥೊಟ್ರೆಕ್ಸೇಟ್ ಅಂಥ ಔಷಧಿ ಬೇಕಾ ಬೇಡವಾ ಅಂತ ಅವರು ನೋಡಿ ಹೇಳ್ತಾರೆ. ಮೆಥೊಟ್ರೆಕ್ಸೇಟ್ ಬರೆದುಕೊಟ್ರೆ ಅದು ವಾರಕ್ಕೆ ಒಂದೇ ದಿನ ತಗೊಳ್ಳೋದು. ದಿನಾ ನುಂಗೋ ಮಾತ್ರೆ ಅಂದ್ಕೊಂಡು ನುಂಗಿದ್ರೆ ಜೀವಕ್ಕೇ ಕುತ್ತು. ಅದಕ್ಕೇ ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಔಷಧಿ ತರೋ ಅಭ್ಯಾಸ ಇಲ್ಲಿ ನಡೆಯಲ್ಲ.

ನಾಲ್ಕು, ಪೂರ್ತಿ ಮಲಗೋದೂ ತಪ್ಪು, ಮೈಮುರಿದು ದುಡಿಯೋದೂ ತಪ್ಪು. ಊತ ಜೋರಾಗಿದ್ದಾಗ ತಣ್ಣೀರು ಬಟ್ಟೆ, ಆಮೇಲೆ ನಿಧಾನಕ್ಕೆ ಕೀಲುಗಳನ್ನ ಮಡಚಿ ಬಿಚ್ಚಿ ಆಡಿಸ್ತಾ ಇರಬೇಕು. ನಡೆದಾಡಬಹುದು, ಭಾರ ಎತ್ತೋದು, ಗಟ್ಟಿಯಾಗಿ ಹಿಂಡೋದು, ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರೋದು ಸ್ವಲ್ಪ ದಿನ ಬಿಡಬೇಕು.

ಈ ನಾಲ್ಕನೆಯದು ರೋಗಿಯ ಕೈಯಲ್ಲಿ ಇಲ್ಲ, ನಮ್ಮ ಕೈಯಲ್ಲಿದೆ. ಅದಕ್ಕೇ ಊರಿನ ಪಾಲು ಅಂದಿದ್ದು.

ನಮ್ಮ ಹಿರಿಯರ ಕಾಲದಲ್ಲಿ ಮುಯ್ಯಾಳು ಅಂತ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ದುಡ್ಡಿನ ಲೆಕ್ಕ ಇಲ್ಲ. ಈಗ ಯಂತ್ರ ಬಂದ ಮೇಲೆ ಅದು ಮರೆತೇ ಹೋಗಿದೆ. ಜ್ವರ ಬಿದ್ದ ಮನೆಗಳಿಗಾದ್ರೂ ಅದನ್ನ ವಾಪಸ್ ತರಬೇಕು ಅಂತೀನಿ. ಒಂದೂವರೆ ಎಕರೆ ರಾಗಿ ಇರೋ ಮನೆಯಲ್ಲಿ ಗಂಡ ಹೆಂಡತಿ ಇಬ್ಬರ ಕೈಯೂ ಹಿಡಿದಿದ್ರೆ, ಹತ್ತು ಜನ ಒಂದು ಬೆಳಿಗ್ಗೆ ಹೋದ್ರೆ ಅವರ ಕುಯ್ಲು ಮುಗಿಯುತ್ತೆ. ಅವರು ಸುಧಾರಿಸಿಕೊಂಡ ಮೇಲೆ ಮುಯ್ಯಿ ತೀರಿಸ್ತಾರೆ, ನಮ್ಮ ಜನ ಮುಯ್ಯಿ ಉಳಿಸಿಕೊಳ್ಳೋರಲ್ಲ. ಅಷ್ಟು ಮಾಡಿದ್ರೆ ಅವರು ಸೂಜಿ ಹಾಕಿಸ್ಕೊಂಡು ಕುಡುಗೋಲು ಹಿಡಿಯೋದು ತಪ್ಪುತ್ತೆ.

ಕೂಲಿಗೆ ಬರೋರ ವಿಷಯದಲ್ಲೂ ಅಷ್ಟೇ. ಬೆರಳು ಮಡಚಲಾಗದ ಹೆಂಗಸಿಗೆ ಕುಯ್ಯೋಕೆ ಆಗಲ್ಲ, ಆದರೆ ಕಣ ಕಾಯೋಕೆ, ಹಕ್ಕಿ ಓಡಿಸೋಕೆ, ನೀರು ಬಿಡೋಕೆ, ಕಾಳು ಹರವೋಕೆ ಆಗುತ್ತೆ. ಅರ್ಧ ದಿನದ ಹಗುರ ಕೆಲಸ ಇದ್ರೆ ಕರೀರಿ, ಕೂಲಿ ಕೊಡಿ. ಇಪ್ಪತ್ತು ವರ್ಷ ನಮ್ಮ ಹೊಲದ ಕಳೆ ಕಿತ್ತ ಕೈ ಅದು. ಎರಡು ಮೂರು ತಿಂಗಳು ಆ ಕೈಗೆ ತಕ್ಕ ಕೆಲಸ ಹುಡುಕೋದು ದಾನ ಅಲ್ಲ. ಸ್ವಾರ್ಥದ ಲೆಕ್ಕದಲ್ಲಿ ನೋಡಿದ್ರೂ ಸರಿ, ಆ ಕೈ ಸುಧಾರಿಸಿಕೊಂಡ್ರೆ ಮುಂದಿನ ಮುಂಗಾರಿಗೆ ನಮಗೇ ಬೇಕು.

ಕೊನೆಯದಾಗಿ ಸೊಳ್ಳೆ. ಇದು ಮೈಮೇಲೆ ಬಿಳಿ ಪಟ್ಟೆ ಇರೋ ಈಡಿಸ್ ಸೊಳ್ಳೆ. ಕಚ್ಚೋದು ಹಗಲು ಹೊತ್ತು, ಅದರಲ್ಲೂ ಬೆಳಿಗ್ಗೆ ಮತ್ತೆ ಸಂಜೆಗೆ ಮುಂಚೆ. ಅಂದ್ರೆ ನಾವು ಹಾಲು ಕರೆಯೋ ಹೊತ್ತು. ರಾತ್ರಿ ಪರದೆ ಕಟ್ಟಿ ಮಲಗಿದ್ರೆ ಇದಕ್ಕೆ ಸಾಲದು. ಇದು ಚರಂಡಿ ಕೊಚ್ಚೆಯಲ್ಲಿ ಹುಟ್ಟೋದು ಕಡಿಮೆ, ಇದಕ್ಕೆ ಬೇಕಾಗಿರೋದು ನಾವು ತುಂಬಿಟ್ಟ ಚೊಕ್ಕ ನೀರು. ಬಹಳ ದೂರ ಹಾರೋದೂ ಇಲ್ಲ, ಕೆಲವು ನೂರು ಮೀಟರ್ ಒಳಗೇ. ಹಾಗಾಗಿ ನಿಮಗೆ ಕಚ್ಚಿದ ಸೊಳ್ಳೆ ನಿಮ್ಮ ಮನೇದು ಇಲ್ಲ ಪಕ್ಕದ ಮನೇದು. ಪಂಚಾಯ್ತಿಯವರು ಚರಂಡಿ ಕ್ಲೀನ್ ಮಾಡಿಲ್ಲ ಅಂತ ಬೈಯೋದು ಬೇರೆ ಜಗಳ, ಆ ಜಗಳ ಗೆದ್ದರೂ ಈ ಸೊಳ್ಳೆ ಹೋಗಲ್ಲ.

ನಮ್ಮ ತೋಟದ ಮನೆಗಳ ಸುತ್ತ ಒಂದು ಸುತ್ತು ಹಾಕಿ ನೋಡಿ. ನೀರು ದಿನಾ ಬರಲ್ಲ ಅಂತ ತುಂಬಿಟ್ಟ ಡ್ರಮ್ಮು, ತೊಟ್ಟಿ. ದನ ಕುಡಿಯೋ ಬಾನಿ. ಔಷಧಿ ಕಲಸೋ ಹಳೇ ಡ್ರಮ್ಮು. ಟ್ರ್ಯಾಕ್ಟರಿನ ಹಳೇ ಟೈರು. ತೆಂಗಿನ ಚಿಪ್ಪು, ಎಳನೀರು ಬುರುಡೆ, ಬಿದ್ದ ಅಡಿಕೆ ಹಾಳೆ. ಮಳೆ ಬಂದು ನಿಂತ ಒಂದು ಬೊಗಸೆ ನೀರು ಸಾಕು, ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆ ಆಗುತ್ತೆ. 2007ರಲ್ಲಿ ಕೇರಳದಲ್ಲಿ ಇದೇ ಕಾಯಿಲೆ ಜೋರಾದಾಗ, ರಬ್ಬರ್ ಹಾಲು ಹಿಡಿಯೋಕೆ ಮರಕ್ಕೆ ಕಟ್ಟೋ ಚಿಪ್ಪುಗಳಲ್ಲಿ ನಿಂತ ಮಳೆ ನೀರೂ ಸೊಳ್ಳೆಯ ತವರಾಗಿತ್ತು. ತೋಟದವರಾದ ನಮಗೆ ಅದು ಪಾಠ.

ಇನ್ನೊಂದು ವಿಷಯ. ಈ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿಗೆ ಮೇಲೆ, ಡ್ರಮ್ಮಿನ ಗೋಡೆಗೆ. ನೀರು ಬತ್ತಿದ್ರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರುತ್ತೆ, ಮತ್ತೆ ನೀರು ತಾಗಿದಾಗ ಒಡೆಯುತ್ತೆ. ಬರೀ ನೀರು ಚೆಲ್ಲಿದ್ರೆ ಸಾಲದು, ತೆಂಗಿನ ನಾರಿನಲ್ಲಿ ಗೋಡೆಯನ್ನ ತಿಕ್ಕಿ ತೊಳೀಬೇಕು. ಹೊಗೆ ಹಾಕೋ ಗಾಡಿ ಬಂದ್ರೆ ಹಾರೋ ಸೊಳ್ಳೆ ಸಾಯುತ್ತೆ, ಗೋಡೆ ಮೇಲಿನ ಮೊಟ್ಟೆಗೆ ಏನೂ ಆಗಲ್ಲ. ಖಾಲಿ ಮಾಡೋಕಾಗದ ದೊಡ್ಡ ತೊಟ್ಟಿಗೆ ಗಪ್ಪಿ ಇಲ್ಲ ಗಂಬೂಸಿಯಾ ಮೀನು ಬಿಡಿ. ಮುಚ್ಚಳ ಇಲ್ಲದ ಡ್ರಮ್ಮಿಗೆ ಹಳೇ ಪಂಚೆ ಬಿಗಿಯಾಗಿ ಕಟ್ಟಿದ್ರೂ ಆಯ್ತು. ಆಶಾ ಕಾರ್ಯಕರ್ತೆಯರು ತೊಟ್ಟಿ ನೋಡೋಕೆ ಬಂದಾಗ "ನಮ್ಮನೇಲಿ ಏನಿಲ್ಲ ಹೋಗಮ್ಮ" ಅನ್ನಬೇಡಿ, ಮುಚ್ಚಳ ತೆಗೆದು ತೋರಿಸಿ.

ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಅಂತ ಗೊತ್ತು ಮಾಡ್ಕೊಂಡಿದ್ದೀವಿ. ಎಲ್ಲ ಮನೆಯವರೂ ಒಂದೇ ದಿನ, ಅರ್ಧ ಗಂಟೆ. ಒಬ್ಬರು ಮಾಡಿ ಇನ್ನೊಬ್ಬರು ಬಿಟ್ರೆ ಪ್ರಯೋಜನ ಇಲ್ಲ ಅಂತ ಮೇಲೆ ಹೇಳಿದ ಲೆಕ್ಕದಲ್ಲೇ ಗೊತ್ತಾಗುತ್ತೆ. ನಿಮ್ಮ ಊರಲ್ಲೂ ಒಂದು ದಿನ ಗೊತ್ತು ಮಾಡಿ. ಹಾಗೇ ಈ ವಾರ ಕುಯ್ಲಿಗೆ ಕರೆಯೋಕೆ ಯಾರ ಮನೆ ಬಾಗಿಲಿಗಾದ್ರೂ ಹೋದಾಗ, "ಬರ್ತೀಯಾ ಇಲ್ವಾ" ಅಂತ ಕೇಳೋ ಮುಂಚೆ "ಕೈ ಹೇಗಿದೆ, ಪರೀಕ್ಷೆ ಮಾಡಿಸಿದ್ಯಾ" ಅಂತ ಕೇಳಿ.